ಗತ್ಲಾಂಗಿನ ಬಟ್ಟಲು

2023ರ ಕಾರ್ತಿಕ ಮಾಸದಲ್ಲಿ ನೇಪಾಳದ ಪಶುಪತಿನಾಥನ ದರ್ಶನವನ್ನೂ ಭಕ್ತಪುರದ ಪ್ರಾಚೀನ ಜಂಗಮ ಮಠದ ದರ್ಶನವನ್ನೂ ಮುಗಿಸಿಕೊಂಡು ನಮ್ಮ ಯಾತ್ರಾ ಬಳಗದವರು ಊರಿಗೆ ಮರಳಲು ಅಣಿಯಾದಾಗ ನಾವು ಮತ್ತು ನಮ್ಮ ಅಳಿಯ ಇಬ್ಬರೇ ಕಾಠ್ಮಂಡುವಿನಲ್ಲಿ ಹಿಂದುಳಿದೆವು. "ಅರವತ್ತಾರರ ವಯಸ್ಸಿನ್ಯಾಗ ಇನ್ನ ಯಾವ ಗುಡ್ಡಾ ಹತ್ತೋದೈತ್ರೀ ನಿಮಗ?" ಎಂದು ಬಳಗದ ತಾಯಿಯೊಬ್ಬರು ನಗುತ್ತ ಕೇಳಿದರು. ಉತ್ತರ ಹೇಳಲು ನಮಗೆ ಆಗಲಿಲ್ಲ. ಹಿಮಾಲಯವೆಂದರೆ ನಮ್ಮವರಿಗೆ ಕೇದಾರ, ಬದರಿ, ಕೈಲಾಸ. ದೇವರ ಮನೆಯಷ್ಟೇ ಗೊತ್ತು. ಅಲ್ಲಿ ಮನುಷ್ಯರ ಮನೆಗಳೂ ಉಂಟೆಂಬುದನ್ನು ನೋಡಬೇಕೆಂಬ ಆಸೆ ನಮ್ಮಲ್ಲಿ ಬಹುದಿನಗಳಿಂದ ಇತ್ತು.

ಬೌದ್ಧನಾಥ ಸ್ತೂಪದ ಬಳಿ ಆಕಸ್ಮಿಕವಾಗಿ ದೊರೆತ ತರುಣನೊಬ್ಬ ಆ ಆಸೆಗೆ ದಾರಿ ಮಾಡಿದನು. ನಾವು ಮಾತನಾಡುತ್ತಿದ್ದುದನ್ನು ಕೇಳಿ ಹತ್ತಿರ ಬಂದು "ಊಟ ಆಯ್ತಾ ಸ್ವಾಮಿ?" ಎಂದು ಅಚ್ಚ ಮೈಸೂರು ಸೀಮೆಯ ಕನ್ನಡದಲ್ಲಿ ಕೇಳಿದಾಗ ನಾವು ಬೆರಗಾದೆವು. ಮುಖ ನೋಡಿದರೆ ಬೆಟ್ಟದ ಕಡೆಯವನು. ಬೈಲಕುಪ್ಪೆಯಲ್ಲಿ ಪೆನೋರ್ ರಿಂಪೋಚೆಯವರು 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಬಾಲಕನಾಗಿದ್ದಾಗ ಆರು ವರ್ಷ ಓದಿದವನಂತೆ. ಸನ್ಯಾಸ ಕೈಹಿಡಿಯದೆ ಊರಿಗೆ ಮರಳಿ, ಈಗ ಪ್ರವಾಸಿಗಳಿಗೆ ದಾರಿ ತೋರಿಸುವ ಕಾಯಕ ಮಾಡುತ್ತಿದ್ದಾನೆ. ಕುಶಾಲನಗರದ ಅಂಗಡಿಗಳಲ್ಲಿ ಕಲಿತ ಕನ್ನಡವನ್ನು ಹಿಂದಿಯೊಡನೆ ಬೆರೆಸಿ ಮಾತನಾಡುವ ಈ ತರುಣ ತಮಾಂಗ್ ಕುಲದವನು. "ನಮ್ಮೂರಿಗೆ ಬನ್ನಿ, ಆರು ದಿನ ಸಾಕು" ಎಂದನು. ನಾವು ಹೊರಟೆವು.

ತಮಾಂಗರ ಬಗ್ಗೆ ನಮ್ಮ ಓದುಗರಿಗೆ ಎರಡು ಮಾತು ಹೇಳುವುದು ಅವಶ್ಯ. ಕಾಠ್ಮಂಡು ಕಣಿವೆಯನ್ನು ಸುತ್ತುವರಿದ ಬೆಟ್ಟಗಳಲ್ಲಿ ಇವರ ವಸತಿ. 2021ರ ಜನಗಣತಿಯಂತೆ ನೇಪಾಳದಲ್ಲಿ 16 ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ಭಾಷೆ ಟಿಬೆಟ್ ಭಾಷೆಯ ಬಳಗಕ್ಕೆ ಸೇರಿದ್ದು. ಧರ್ಮ ಬಹುಮಟ್ಟಿಗೆ ಬೌದ್ಧ. ನೇಪಾಳಿ ಭಾಷೆಯ ಹೆಸರಾಂತ ಕಾದಂಬರಿಗಾರ್ತಿ ಪಾರಿಜಾತ ಈ ಕುಲದಲ್ಲಿಯೇ ಹುಟ್ಟಿದವರು. 'ತಮಾಂಗ್' ಎಂದರೆ ಕುದುರೆ ಸವಾರನೆಂದು ಕೆಲವರು ಅರ್ಥ ಹೇಳುತ್ತಾರೆ. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ವಿಚಿತ್ರವೆಂದರೆ 1932ರವರೆಗೆ ಸರ್ಕಾರದ ಕಾಗದಪತ್ರಗಳಲ್ಲಿ ಇವರಿಗೆ ಈ ಹೆಸರಿನ ಮಾನ್ಯತೆಯೇ ಇರಲಿಲ್ಲ. ಭೋಟೆ, ಲಾಮಾ ಎಂದು ಯಾರೋ ಇಟ್ಟ ಹೆಸರುಗಳನ್ನು ಹೊತ್ತು ಬಾಳಿದರು. ಅದರ ಹಿಂದಿನ ಕಥೆ ನಮಗೆ ತಿಳಿದದ್ದು ಗತ್ಲಾಂಗ್ ಎಂಬ ಊರಿನಲ್ಲಿ, ಅದೂ ನಮ್ಮದೇ ತಪ್ಪಿನ ಮೂಲಕ.

ಕಾಠ್ಮಂಡುವಿನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ದೂರದ ಸ್ಯಾಬ್ರುಬೇಸಿಗೆ ಬಸ್ಸಿನಲ್ಲಿ ಒಂದು ಹಗಲಿಡೀ ಬೇಕಾಯಿತು. ರಸುವಾ ಜಿಲ್ಲೆಯ ಕೇಂದ್ರವಾದ ಧುಂಚೆಯನ್ನು ದಾಟಿದ ಮೇಲೆ ಎಡಗಡೆ ಪ್ರಪಾತ, ಬಲಗಡೆ ಕುಸಿಯಲು ಕಾಯುತ್ತಿರುವ ಗುಡ್ಡ. ಅಳಿಯ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದನು. 2000ದ ದಶಕದ ಆರಂಭದಲ್ಲಿ ನೇಪಾಳ ಸರ್ಕಾರವು ಬಡ ಹಳ್ಳಿಗಳಿಗೆ ಪ್ರವಾಸಿಗಳಿಂದ ನಾಲ್ಕು ಕಾಸು ಬರಲೆಂದು ಸ್ಯಾಬ್ರುಬೇಸಿಯಿಂದ ಗತ್ಲಾಂಗ್, ತಾತೋಪಾನಿ, ನಾಗ್‌ಥಲಿ, ಥುಮನ್, ತಿಮುರೆ, ಬ್ರಿದ್ದಿಮ್ ಊರುಗಳನ್ನು ಸುತ್ತಿ ಬರುವ ಕಾಲುದಾರಿಯನ್ನು ಗುರುತಿಸಿ, ತಮಾಂಗ್ ಪರಂಪರೆಯ ಹಾದಿಯೆಂದು ಹೆಸರಿಟ್ಟಿತು. ಈಗ ಗತ್ಲಾಂಗಿನವರೆಗೆ ಜೀಪು ಹೋಗುತ್ತದೆ. ಆದರೂ ನಾವು ನಡೆದೇ ಹೋದೆವು. 1,500 ಮೀಟರ್ ಎತ್ತರದಿಂದ 2,200 ಮೀಟರ್ ದಾಟಿ ಏರಬೇಕು. ಮೊದಲನೆಯ ಏರಿನಲ್ಲಿಯೇ ನಮ್ಮ ಮೊಣಕಾಲು ತನ್ನ ವಯಸ್ಸನ್ನು ಹೇಳಿತು.

ದಾರಿಯುದ್ದಕ್ಕೂ ಅಲ್ಲಲ್ಲಿ ಮಂತ್ರಾಕ್ಷರಗಳನ್ನು ಕೆತ್ತಿದ ಕಲ್ಲುಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದ ಗೋಡೆಗಳು. ಇವಕ್ಕೆ ಮಾಣಿ ಎನ್ನುತ್ತಾರೆ. ಗೋಡೆಯನ್ನು ಬಲಕ್ಕೆ ಬಿಟ್ಟುಕೊಂಡು, ಅಂದರೆ ಪ್ರದಕ್ಷಿಣೆಯ ಕ್ರಮದಲ್ಲಿ ನಡೆಯಬೇಕು. ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಐವತ್ತು ಕಿಲೋ ಅಕ್ಕಿ ಹೊತ್ತು ಬರುತ್ತಿದ್ದ ಮುದುಕನೊಬ್ಬ, ಎಡಗಡೆಯ ದಾರಿ ಇಳಿಜಾರಾಗಿ ಕಡಿದಾಗಿದ್ದರೂ ಆ ಬದಿಯಿಂದಲೇ ಸುತ್ತಿ ಹೋದನು. ಬಲಗಡೆ ಸಮತಟ್ಟಾದ ಹಾದಿ ಇತ್ತು. ನಾವು ಅರ್ಧ ಹೆಜ್ಜೆ ಅತ್ತ ಇಟ್ಟವರು ಸುಮ್ಮನೆ ಹಿಂದಕ್ಕೆ ತೆಗೆದುಕೊಂಡೆವು.

ಸಂಜೆಯ ವೇಳೆಗೆ ಗತ್ಲಾಂಗ್ ಕಂಡಿತು. ಈ ಸುತ್ತಿನಲ್ಲಿ ಇದೇ ದೊಡ್ಡ ತಮಾಂಗ್ ಊರು. ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಕಲ್ಲಿನ ಮನೆಗಳ ಸಾಲುಗಳು. ಕೆತ್ತನೆಯ ಮರದ ಕಿಟಕಿಗಳು. ಒಂದು ಕಾಲಕ್ಕೆ ಎಲ್ಲ ಮನೆಗಳಿಗೂ ಮರದ ಹಲಗೆಯ ಮಾಡು, ಗಾಳಿಗೆ ಹಾರದಂತೆ ಮೇಲೆ ಕಲ್ಲು. ಮಳೆ, ಹೊಗೆ, ಬಿಸಿಲಿನಿಂದ ಹಲಗೆ ಕಪ್ಪಾಗಿ ದೂರದಿಂದ ಊರೇ ಕಪ್ಪಾಗಿ ಕಾಣುತ್ತಿತ್ತೆಂದು ಇದಕ್ಕೆ ಕರಿ ಊರೆಂಬ ಹೆಸರಿತ್ತು. ನಾವು ಕಂಡದ್ದು ಕರಿ ಊರನ್ನಲ್ಲ. 2015ರ ಏಪ್ರಿಲ್ 25ರ ಶನಿವಾರ, ಮಧ್ಯಾಹ್ನಕ್ಕೆ ನಾಲ್ಕು ನಿಮಿಷ ಬಾಕಿ ಇರುವಾಗ 7.8ರ ಪ್ರಮಾಣದ ಭೂಕಂಪವಾಗಿ ನೇಪಾಳದಲ್ಲಿ ಸುಮಾರು 9 ಸಾವಿರ ಜನ ಮಡಿದರು. ನೆರೆಯ ಲಾಂಗ್‌ಟಾಂಗ್ ಗ್ರಾಮವಂತೂ ಹಿಮ ಬಂಡೆಗಳಡಿ ಹೂತೇಹೋಯಿತು. ಗತ್ಲಾಂಗಿನ ಮನೆಗಳೂ ನೆಲಕಚ್ಚಿದವು. ಸರ್ಕಾರ ಕಂತುಕಂತಾಗಿ ಕೊಟ್ಟ 3 ಲಕ್ಷ ನೇಪಾಳಿ ರೂಪಾಯಿಯಲ್ಲಿ ಗೋಡೆ ಎದ್ದವು. ಮಾಡಿಗೆ ತಗಡು ಬಂದಿತು. ಸಂಜೆಯ ಬಿಸಿಲಿನಲ್ಲಿ ನೀಲಿ ತಗಡುಗಳು ಫಳಫಳನೆ ಹೊಳೆಯುತ್ತಿದ್ದವು. ಚೆಲುವು ಹೋಯಿತಲ್ಲ ಎಂದು ನಾವು ಮರುಗಿದೆವು. ತರುಣನು, "ಸ್ವಾಮಿ, ಹಲಗೆ ಮಾಡು ನೋಡೋಕೆ ಚೆಂದ. ಅದರ ಕೆಳಗೆ ಮಲಗೋರಿಗೆ ಮಳೆಗಾಲದಲ್ಲಿ ಗೊತ್ತು" ಎಂದನು. ನೋಡಲು ಬಂದವರ ಮರುಕಕ್ಕೂ ವಾಸಿಸುವವರ ಅನುಕೂಲಕ್ಕೂ ಇರುವ ಅಂತರವನ್ನು ಆತ ಒಂದೇ ಮಾತಿನಲ್ಲಿ ತಿಳಿಸಿದನು.

ನಮ್ಮ ವಸತಿ ಆತನ ಸಂಬಂಧಿಕಳಾದ ವೃದ್ಧೆಯೊಬ್ಬಳ ಮನೆಯಲ್ಲಿ. ತಲೆಗೆ ದುಂಡು ಟೋಪಿ, ಕೊರಳಲ್ಲಿ ಹವಳದ ಸರ, ತಾನೇ ನೇಯ್ದ ಉಣ್ಣೆಯ ಸೀರೆಯಂಥ ಉಡುಗೆ. "ಫ್ಯಾಫುಲ್ಲಾ" ಎಂದು ಸ್ವಾಗತಿಸಿ ಒಲೆಯ ಪಕ್ಕದ ಹಿರಿಯರ ಸ್ಥಾನದಲ್ಲಿ ನಮ್ಮನ್ನು ಕೂರಿಸಿದಳು. ಬಳಿಕ ಒಳಗಿನಿಂದ ಹಿತ್ತಾಳೆಯ ಬಟ್ಟಲೊಂದನ್ನು ಎರಡೂ ಕೈಗಳಿಂದ ಹಿಡಿದು ತಂದಳು. ಅಂಚಿನಲ್ಲಿ ಮೂರು ಕಡೆ ಬೆಣ್ಣೆಯ ಬೊಟ್ಟು. ಬಟ್ಟಲಿನ ವಾಸನೆ ನಮ್ಮ ಮೂಗಿಗೆ ತಾಗಿದೊಡನೆ ಅದು ಮನೆಯಲ್ಲಿ ಕಾಸಿದ ಮದ್ಯವೆಂದು ತಿಳಿಯಿತು.

ಆಗ ನಾವು ಮಾಡಿದ್ದನ್ನು ಮರೆಮಾಚದೆ ಬರೆಯಬೇಕು. ಶಲ್ಯದ ಸೆರಗನ್ನು ಮೂಗಿಗೆ ಹಿಡಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಎಡಗೈಯನ್ನು ಅಡ್ಡ ಬೀಸಿ, "ಛೇ, ಛೇ! ಇದು ನಮಗೆ ನಿಷಿದ್ಧ" ಎಂದು ತುಸು ಗಟ್ಟಿಯಾಗಿಯೇ ಹೇಳಿದೆವು. ಬಾಲ್ಯದಿಂದ ಮಠದ ಪ್ರಸಾದನಿಲಯದಲ್ಲಿ ಬೆಳೆದ ದೇಹ ಅದು, ಯೋಚಿಸದೆಯೇ ತಿರುಗಿತು. ತರುಣನು ನಮ್ಮ ಮಾತನ್ನು ಅನುವಾದಿಸಲಿಲ್ಲ. ಅನುವಾದದ ಅಗತ್ಯವೂ ಇರಲಿಲ್ಲ. ಆಕೆ ಬಟ್ಟಲನ್ನು ಹಾಗೆಯೇ ಎರಡೂ ಕೈಗಳಲ್ಲಿ ಹಿಡಿದುಕೊಂಡು ಒಳಗೆ ಹೋದಳು. ರಾತ್ರಿ ಜೋಳದ ಹಿಟ್ಟಿನ ಮುದ್ದೆಯನ್ನೂ ತುರಿಚೆ ಸೊಪ್ಪಿನ ಸಾರನ್ನೂ ನಮಗೆ ಬಡಿಸಿದಳು. ಆದರೆ ಮತ್ತೆ ನಮ್ಮ ಮುಖ ನೋಡಲಿಲ್ಲ. ಅಳಿಯ ಎರಡು ಸಲ ಮುದ್ದೆ ಕೇಳಿ ಹಾಕಿಸಿಕೊಂಡನು. ನಮಗೆ ಒಂದೇ ತುತ್ತು ಗಂಟಲಲ್ಲಿ ನಿಂತಿತ್ತು.

ಊಟವಾದ ಮೇಲೆ ಅಂಗಳದ ಚಳಿಯಲ್ಲಿ ತರುಣನು ಬಹಳ ಹೊತ್ತು ಸುಮ್ಮನಿದ್ದು, "ಸ್ವಾಮಿ, ನೀವು ಕುಡಿಯೋದಿಲ್ಲ ಅನ್ನೋದು ಸರಿ. ನಾನು ಮೊದಲೇ ಅಜ್ಜಿಗೆ ಹೇಳಬೇಕಿತ್ತು. ಆದರೆ ಮುಖ ತಿರುಗಿಸಿದ್ರಲ್ಲ, ಅದು ನಮ್ಮೋರಿಗೆ ಹೊಸದಲ್ಲ" ಎಂದು ಆರಂಭಿಸಿದನು.

ಆತನಿಂದ ಕೇಳಿದ್ದನ್ನು ಮುಂದೆ ನಾವು ಗ್ರಂಥಗಳಲ್ಲಿಯೂ ನೋಡಿ ದೃಢಪಡಿಸಿಕೊಂಡೆವು. 1854ರಲ್ಲಿ ಜಂಗಬಹಾದುರ ರಾಣಾ ನೇಪಾಳಕ್ಕೆ 'ಮುಲುಕಿ ಐನ್' ಎಂಬ ಕಾನೂನು ತಂದನು. ರಾಜ್ಯದ ಸಮಸ್ತ ಜನರನ್ನೂ ಒಂದು ಏಣಿಯ ಮೆಟ್ಟಿಲುಗಳಲ್ಲಿ ನಿಲ್ಲಿಸಿದ ಕಾನೂನು ಅದು. ಜನಿವಾರದವರು ಮೇಲೆ. ಅವರ ಕೆಳಗೆ 'ಮತವಾಲಿ'ಗಳು, ಅಂದರೆ ಮದ್ಯ ಕುಡಿಯುವವರು. ಅವರಲ್ಲಿಯೂ ಎರಡು ಭಾಗ: ಗುಲಾಮರನ್ನಾಗಿ ಮಾಡಬಾರದವರು, ಗುಲಾಮರನ್ನಾಗಿ ಮಾಡಬಹುದಾದವರು. ಅವರಿಗೂ ಕೆಳಗೆ ನೀರು ಮುಟ್ಟಬಾರದವರು, ಅಸ್ಪೃಶ್ಯರು. ತಮಾಂಗರನ್ನು 'ಭೋಟೆ' ಎಂಬ ಹೆಸರಿನಡಿ ಸೇರಿಸಿದ್ದು ಗುಲಾಮರನ್ನಾಗಿ ಮಾಡಬಹುದಾದ ಕುಡುಕರ ಸಾಲಿನಲ್ಲಿ. ಹಬ್ಬಕ್ಕೆ, ಮದುವೆಗೆ, ಸತ್ತವರ ಕ್ರಿಯೆಗೆ, ಮನೆಗೆ ಬಂದ ಅತಿಥಿಗೆ ಅವರು ಎತ್ತಿ ಕೊಡುತ್ತಿದ್ದ ಬಟ್ಟಲು ಆ ಸಾಲಿನ ಹೆಸರಾಯಿತು. ರಾಜಧಾನಿಗೆ ಹತ್ತಿರವಿದ್ದುದರಿಂದ ಅರಮನೆಯ ಹೊರೆ ಹೊರುವ, ದನ ಕಾಯುವ, ಕಾಗದ ಮಾಡುವ ಬಿಟ್ಟಿ ಚಾಕರಿಯೂ ಇವರ ಹೆಗಲಿಗೇ ಬಿದ್ದಿತು. ನೇಪಾಳದಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವುದಾಗಿ ಸಾರಿದ್ದು 1924ರಲ್ಲಿ. ಜಾತಿಯ ಏಣಿಯನ್ನು ಕಾನೂನಿನಿಂದ ತೆಗೆದದ್ದು 1963ರಲ್ಲಿ.

"ಅಜ್ಜಿಯ ಅಜ್ಜ ಇದೇ ದಾರಿಯಲ್ಲಿ ಬೆಣ್ಣೆ ಹೊತ್ತವನು. ಅವನು ಹೊತ್ತ ಬೆಣ್ಣೆ ತಿನ್ನುತ್ತಿದ್ದರು; ಅವನ ಕೈಯ ಬಟ್ಟಲು ಕಂಡರೆ ಮೂಗು ಮುಚ್ಚುತ್ತಿದ್ದರು" ಎಂದನು ತರುಣ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮದ್ಯಪಾನ ನಿಷೇಧದ ಮೇಲೆ ನಾವು ಕೊಟ್ಟ ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಸಮಾನತೆಯ ಮೇಲೆ ಕೊಟ್ಟವು ಅದಕ್ಕೂ ಹೆಚ್ಚು. ನಮ್ಮ ನಿಯಮವನ್ನು ಸಡಿಲಿಸಬೇಕೆಂದು ನಮಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಆದರೆ ಶಲ್ಯದ ಸೆರಗು ಮೂಗಿಗೆ ಹೋದದ್ದು ಯಾವ ನಿಯಮದಲ್ಲಿದೆ? ನಮಗೆ ಯಾವ ಗುರುವೂ ಅದನ್ನು ಕಲಿಸಿರಲಿಲ್ಲ. ಅದು ಎಲ್ಲಿಂದ ಬಂದಿತೆಂದು ಹುಡುಕುತ್ತ ಹುಡುಕುತ್ತ ಬೆಳಗಾಯಿತು.

ನಸುಕಿನಲ್ಲಿ ಪೂಜೆಗೆ ಸ್ಥಳ ಹುಡುಕುತ್ತಿದ್ದೆವು. ಆಕೆಯ ಮನೆಯ ಮೂಲೆಯಲ್ಲಿ ಬುದ್ಧನ ಪಟ, ಅದರ ಮುಂದೆ ಏಳು ಬಟ್ಟಲು ನೀರು, ಬೆಣ್ಣೆಯ ದೀಪ. ನಮ್ಮ ಕೈಯಲ್ಲಿದ್ದ ಕರಡಿಗೆಯನ್ನೂ ವಿಭೂತಿಯನ್ನೂ ನೋಡಿ, ಏನನ್ನೂ ಕೇಳದೆ ದೀಪವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, ನೆಲ ಒರೆಸಿ, ಇಲ್ಲಿ ಕೂಡಿರೆಂದು ಸನ್ನೆ ಮಾಡಿದಳು. ಹಿಂದಿನ ಸಂಜೆ ತನ್ನ ಬಟ್ಟಲಿಗೆ ಮೂಗು ಮುಚ್ಚಿಕೊಂಡವರಿಗೆ ಆಕೆ ತನ್ನ ದೇವರ ಪಕ್ಕದಲ್ಲಿ ಜಾಗ ಕೊಟ್ಟಳು.

ಪೂಜೆ ಮುಗಿಸಿ ಎದ್ದು, ತರುಣನನ್ನು ಕರೆದು, "ಕುಡಿಯಲಾರದವನು ಬಟ್ಟಲನ್ನು ಹೇಗೆ ಸ್ವೀಕರಿಸಬೇಕು, ಕೇಳಿ ಹೇಳಪ್ಪ" ಎಂದೆವು. ಆಕೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸಣ್ಣದಾಗಿ ನಕ್ಕಳು. ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಉಂಗುರದ ಬೆರಳನ್ನು ಅದ್ದಿ ದೇವರಿಗೆ, ಹಿರಿಯರಿಗೆ ಎಂದು ಮೂರು ಸಲ ಗಾಳಿಯಲ್ಲಿ ಚಿಮುಕಿಸಬೇಕು. ಬಳಿಕ ಹಣೆಗೆ ಮುಟ್ಟಿಸಿ ಹಿಂದಿರುಗಿಸಿದರಾಯಿತು. ಯಾರೂ ತಪ್ಪು ತಿಳಿಯುವುದಿಲ್ಲ. ಆಕೆ ಎದ್ದು ಹೋಗಿ ಅದೇ ಹಿತ್ತಾಳೆಯ ಬಟ್ಟಲನ್ನು ತಂದಳು. ಅಂಚಿನಲ್ಲಿ ಬೆಣ್ಣೆಯ ಬೊಟ್ಟು ಇತ್ತು. ಒಳಗೆ ಇದ್ದದ್ದು ಬಿಸಿನೀರು. ನಾವು ಪೂರ್ತಿ ಕುಡಿದೆವು. ಆಕೆ ಮತ್ತೆ ತುಂಬಿದಳು.

ಅಲ್ಲಿಂದ ಮಾತು ಹರಿಯಿತು. ಜೊತೆಗಿರುವ ಹುಡುಗ ನಿಮಗೆ ಏನಾಗಬೇಕೆಂದು ಕೇಳಿದಳು. ತಂಗಿಯ ಮಗನೆಂದೆವು. "ಹಾಗಾದರೆ ನಿಮ್ಮ ಮಗಳು?" ಎಂದಳು. ನಮ್ಮ ಮಗಳನ್ನು ಅವನಿಗೇ ಕೊಟ್ಟಿದ್ದೇವೆಂದು ಹೇಳಿದಾಗ ಚಪ್ಪಾಳೆ ತಟ್ಟಿ ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದಳು. ತಮಾಂಗರಲ್ಲಿಯೂ ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ತರುವುದು ಶ್ರೇಷ್ಠ ಸಂಬಂಧ. ನೇಪಾಳದ ಮೇಲ್ಜಾತಿಯವರು ಇದನ್ನೂ ಹಿಂದಿನಿಂದ ಆಡಿಕೊಳ್ಳುತ್ತ ಬಂದವರೇ. ತಂಗಿಯ ಮಗನಿಗೂ ಮಗಳ ಗಂಡನಿಗೂ ನಮ್ಮ ಭಾಷೆಯಲ್ಲಿ 'ಅಳಿಯ' ಎಂಬ ಒಂದೇ ಮಾತು ಎಂದು ಹೇಳಿದಾಗ ನೆರೆದ ಹೆಂಗಸರು ತಲೆದೂಗಿದರು. ತಾಯಿಯ ಅಣ್ಣತಮ್ಮಂದಿರಿಗೆ ಅವರು 'ಆಶ್ಯಾಂಗ್' ಎನ್ನುತ್ತಾರೆ. ಆ ಘಳಿಗೆಯಿಂದ ಊರ ಮಕ್ಕಳಿಗೆಲ್ಲ ನಾವು ಆಶ್ಯಾಂಗ್ ಆದೆವು.

ಎರಡನೆಯ ರಾತ್ರಿ ನಮ್ಮ ನಿಮಿತ್ತ 'ತಂಬಾ' ಬಂದನು. ತಮಾಂಗರಲ್ಲಿ ಸತ್ತವರ ಕ್ರಿಯೆಗೆ ಲಾಮಾ ಇದ್ದಾನೆ. ನೆಲದ ದೈವಗಳಿಗೆ ಬಲಿ ಕೊಡಲು 'ಲಾಂಬು' ಇದ್ದಾನೆ. ಮೈದುಂಬಿ ರೋಗಿಯ ಕಳೆದುಹೋದ ಜೀವವನ್ನು ಕರೆತರಲು 'ಬೊಂಬೊ' ಇದ್ದಾನೆ. ತಂಬಾ ಇವರಾರೂ ಅಲ್ಲ. ಅವನು ಊರಿನ ನೆನಪು. ಯಾವ ಕುಲ ಎಲ್ಲಿಂದ ಬಂತು, ಭೂಮಿ ಹೇಗೆ ಹುಟ್ಟಿತು, ಮದುವೆಯಲ್ಲಿ ಯಾರು ಯಾರಿಗೆ ಏನು ಕೊಡಬೇಕು, ಎಲ್ಲವೂ ಅವನ ಕಂಠದಲ್ಲಿ. ಕುಲಕ್ಕೆ ಅವರ ಮಾತಿನಲ್ಲಿ 'ರುಯಿ', ಅಂದರೆ ಎಲುಬು. ಹಾಡುವ ಮುನ್ನ ನಮ್ಮ ಎಲುಬು ಯಾವುದೆಂದು ಕೇಳಿದನು. ನಮ್ಮ ಬೆಡಗಿನ ಹೆಸರು ಹೇಳಿದೆವು. ಒಂದೇ ಬೆಡಗಿನಲ್ಲಿ ಹೆಣ್ಣು ತರುವುದಿಲ್ಲ ತಾನೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಡಂಫು ಎತ್ತಿಕೊಂಡನು.

ಡಂಫು ಆಡಿನ ಚರ್ಮ ಹೊದಿಸಿದ ದುಂಡಗಿನ ಕೈಚರ್ಮವಾದ್ಯ. ಚರ್ಮವನ್ನು ಬಿಗಿದಿರುವ ಬಿದಿರಿನ ಮೊಳೆಗಳು 32. ಬುದ್ಧನ 32 ಲಕ್ಷಣಗಳ ಗುರುತು. ಪೆಂಗ್ ದೋರ್ಜೆ ಎಂಬ ಪೂರ್ವಜ ಬೇಟೆಯಲ್ಲಿ ಕಾಡಾಡೊಂದನ್ನು ಕೊಂದು ತಂದಾಗ ಹೆಂಡತಿ ಆ ಮೃಗವನ್ನು ಕಂಡು ದುಃಖದಿಂದ ಮಾತು ಬಿಟ್ಟಳಂತೆ. ಅವಳನ್ನು ಸಂತೈಸಲು ಅದರ ಚರ್ಮದಿಂದಲೇ ವಾದ್ಯ ಮಾಡಿ ಬಾರಿಸಿದನಂತೆ. ಡಾಂಫೆ ಹಕ್ಕಿ ಬಂದು ಕುಣಿಯಿತಂತೆ. ಆ ಹಕ್ಕಿಯಿಂದ ವಾದ್ಯಕ್ಕೆ ಹೆಸರು. ಕೊಂದವನೇ ಪಶ್ಚಾತ್ತಾಪದಿಂದ ಕಟ್ಟಿದ ವಾದ್ಯದ ಕಥೆ ಆ ಮನೆಯಲ್ಲಿ ಕುಳಿತು ಕೇಳುವಾಗ ನಮಗೆ ಬೇರೆಯೇ ರೀತಿಯಲ್ಲಿ ಕೇಳಿಸಿತು.

ಎಪ್ಪತ್ತು ದಾಟಿದ ತಂಬಾ ನಡುನಡುವೆ ಕೆಮ್ಮುತ್ತ ಎರಡು ತಾಸು ಹಾಡಿದನು. ಮೊಬೈಲೊಂದನ್ನು ಮಣೆಯ ಮೇಲೆ ಒರಗಿಸಿಟ್ಟಿದ್ದರು. ಕತಾರಿನಲ್ಲಿ ಕಟ್ಟಡದ ಕೂಲಿಗೆ ಹೋದ ಮೊಮ್ಮಗ ಅತ್ತ ಕಡೆಯಿಂದ ಕೇಳುತ್ತಿದ್ದನು. ಊರಿನಲ್ಲಿ ಬೇರೆ ಶಿಷ್ಯರಿಲ್ಲ. ತರುಣರೆಲ್ಲ ಕಾಠ್ಮಂಡು, ಮಲೇಷ್ಯಾ, ಕೊಲ್ಲಿ ದೇಶಗಳಲ್ಲಿ. ತಂಬಾ ಒಂದು ಪದ ತಪ್ಪಿದಾಗ ಮೊಬೈಲಿನಿಂದ ಮೊಮ್ಮಗನ ದನಿ ತಿದ್ದಿತು. ಮುದುಕನ ಮುಖ ಅರಳಿತು.

ಹಾಡು ಮುಗಿದ ಮೇಲೆ ಅಜ್ಜಿ ತನ್ನ ಗಂಡನ ಮಾತು ತೆಗೆದಳು. ಭೂಕಂಪದ ದಿನ ಆಕೆ ಆಲೂಗಡ್ಡೆಯ ಹೊಲದಲ್ಲಿದ್ದಳು, ಆತ ಮನೆಯಲ್ಲಿ. ತಮಾಂಗರಲ್ಲಿ ಸತ್ತವರಿಗೆ 'ಘೇವಾ' ಎಂಬ ಮಹಾಕ್ರಿಯೆ ಆಗಲೇಬೇಕು. ಸತ್ತವರ ಬಟ್ಟೆ ತೊಡಿಸಿ ಒಂದು ಆಕೃತಿ ಮಾಡಿ, ಲಾಮಾಗಳು ಗ್ರಂಥ ಓದಿ ಜೀವಕ್ಕೆ ದಾರಿ ತೋರಿಸುತ್ತಾರೆ. ಸಾಮಾನ್ಯವಾಗಿ 49 ದಿನಗಳೊಳಗೆ. ಆ ವರ್ಷ ಮನೆಮನೆಯಲ್ಲಿ ಸಾವು. ಲಾಮಾಗಳಿಗೆ ಬಿಡುವಿಲ್ಲ, ಬಂಧುಗಳಿಗೆ ಉಣಿಸಲು ಕಾಳಿಲ್ಲ. ಆಕೃತಿಗೆ ತೊಡಿಸಲು ಗಂಡನ ಒಂದು ಅಂಗಿಯೂ ಕಲ್ಲುಗಳಡಿಯಿಂದ ಸಿಗಲಿಲ್ಲ. ಆಕೆ ಚಳಿಗಾಲವಿಡೀ ತಗಡಿನ ಗುಡಿಸಿಲಿನಲ್ಲಿ ಕುಳಿತು ಅವನ ಅಳತೆಗೆ ಹೊಸ ಉಡುಪು ನೇಯ್ದಳು. ಮರುವರ್ಷ ಘೇವಾ ನಡೆಯಿತು. "ಬದುಕಿದ್ದಾಗ ಅಷ್ಟು ಒಳ್ಳೆಯ ಬಟ್ಟೆ ಅವನು ಹಾಕಿಯೇ ಇರಲಿಲ್ಲ" ಎಂದಳು.

ಮುಂದಿನ ನಾಲ್ಕು ದಿನಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಗತ್ಲಾಂಗಿನ ಮೇಲುಗಡೆಯ ಪಾರ್ವತಿ ಕುಂಡದ ದಡದಲ್ಲಿ ಒಂದು ಬೆಳಗು ಕಳೆದು ಚಿಲಿಮೆಗೆ ಇಳಿದೆವು. ತಾತೋಪಾನಿ ಎಂದರೆ ಬಿಸಿನೀರು. ದೂರದೂರದಿಂದ ಕೀಲುನೋವಿನವರು ಬಂದು ಮೀಯುತ್ತಿದ್ದ ಆ ಬುಗ್ಗೆ 2015ರ ಕಂಪನದ ನಂತರ ಬತ್ತಿದೆ. ಕಟ್ಟಿದ ಕೊಳಗಳು ಖಾಲಿಯಾಗಿ ನಿಂತಿವೆ. ನಮ್ಮ ಮೊಣಕಾಲಿಗೆ ಒದಗಬಹುದೆಂದು ನಂಬಿ ಏರಿದ್ದೆವು! 3,165 ಮೀಟರ್ ಎತ್ತರದ ನಾಗ್‌ಥಲಿಯಿಂದ ಸೂರ್ಯೋದಯದಲ್ಲಿ 7,227 ಮೀಟರಿನ ಲಾಂಗ್‌ಟಾಂಗ್ ಲಿರುಂಗ್ ಶಿಖರವನ್ನೂ ಗಣೇಶ ಹಿಮಾಲಯವನ್ನೂ ಕಂಡೆವು. ಇಂಥ ನೋಟವನ್ನು ವರ್ಣಿಸುವವರು ಬಹಳ ಜನರಿದ್ದಾರೆ, ನಾವು ಕೈಮುಗಿದೆವು ಅಷ್ಟೆ. ಥುಮನ್ ದಾಟಿ ನದಿಯ ದಡದ ತಿಮುರೆಗೆ ಇಳಿದು, 1855ರ ಟಿಬೆಟ್ ಯುದ್ಧದ ಕಾಲದ ರಸುವಾಗಢಿ ಕೋಟೆಯ ಬಳಿ ನಿಂತು, ಗಡಿಯ ಮಿತೇರಿ ಸೇತುವೆಯ ಮೇಲೆ ಸಾಲುಗಟ್ಟಿದ ಲಾರಿಗಳನ್ನು ನೋಡಿದೆವು. ಬ್ರಿದ್ದಿಮ್‌ನ ಮನೆಯಲ್ಲಿ ಗೃಹಿಣಿ ಬಟ್ಟಲು ತಂದಾಗ ಎರಡೂ ಕೈಯಲ್ಲಿ ಸ್ವೀಕರಿಸಿ, ಬೆರಳು ಅದ್ದಿ ಮೂರು ಸಲ ಚಿಮುಕಿಸಿ, ಹಣೆಗೆ ಮುಟ್ಟಿಸಿ ಹಿಂದಿರುಗಿಸಿದೆವು. ಆಕೆ ನಗುತ್ತ ಒಳಗೆ ಹೋಗಿ ಬೆಣ್ಣೆಯ ಉಪ್ಪುಚಹ ತಂದಳು. ಅಳಿಯ ನಮ್ಮನ್ನು ನೋಡಿದನು, ಏನೂ ಹೇಳಲಿಲ್ಲ.

2025ರ ಜುಲೈ 8ರ ನಸುಕಿನಲ್ಲಿ ಟಿಬೆಟಿನ ಹಿಮನದಿಯ ಮೇಲಿನ ಸರೋವರವೊಂದು ಒಡೆದು ನದಿಗೆ ಪ್ರವಾಹ ಬಂದು ಆ ಮಿತೇರಿ ಸೇತುವೆಯೇ ಕೊಚ್ಚಿಹೋಯಿತು, ಜನರೂ ಹೋದರು. ಪತ್ರಿಕೆಯಲ್ಲಿ ತಿಮುರೆಯ ಹೆಸರು ಕಂಡೊಡನೆ ನಾವು ತರುಣನಿಗೆ ದೂರವಾಣಿ ಮಾಡಿಸಿದೆವು. ಮೂರನೆಯ ದಿನ ಮಾತು ಸಿಕ್ಕಿತು. ಅವರ ಊರು ಎತ್ತರದಲ್ಲಿದ್ದುದರಿಂದ ನೀರು ಬರಲಿಲ್ಲ. ದಾರಿ ಮಾತ್ರ ಕುಸಿದಿದೆ, ಅಕ್ಕಿಯನ್ನು ಮತ್ತೆ ಬೆನ್ನ ಮೇಲೆ ತರುತ್ತಿದ್ದಾರೆ ಎಂದನು. ಅಜ್ಜಿ ಪಕ್ಕದಲ್ಲಿಯೇ ಇದ್ದಳು. ಆಕೆ ಏನೋ ಕೂಗಿ ಹೇಳಿದಳು, ತರುಣ ನಗುತ್ತ ತನ್ನ ಮೈಸೂರು ಕನ್ನಡದಲ್ಲಿ ತಿಳಿಸಿದನು: "ಬಿಸಿನೀರು ಕುಡಿಯೋ ಆಶ್ಯಾಂಗ್ ಚೆನ್ನಾಗಿದ್ದಾರಾ, ಮಗಳಿಗೆ ಮಗುವಾಯ್ತಾ ಅಂತ ಕೇಳ್ತಾ ಇದಾಳೆ ಸ್ವಾಮಿ."